ಫ್ಲ್ಯಾಟೋ, ರೋ ಹೌಸೋ, ಸ್ವಂತ ಪ್ಲಾಟೋ? ಬೀದರ್ ಸೀಮೆಯಲ್ಲಿ ಮನೆ ಕೊಳ್ಳುವ ಮುನ್ನ

ಬೀದರಿನ ಮಧ್ಯಮ ವರ್ಗದ ಕುಟುಂಬಗಳು ಮನೆ ಮಾಡಿಕೊಂಡ ಕ್ರಮ ಬಹುಕಾಲ ಒಂದೇ ಆಗಿತ್ತು. ಮೊದಲು ಪ್ಲಾಟ್ ಹಿಡಿಯುವುದು, ಕೈಯಲ್ಲಿ ದುಡ್ಡು ಕೂಡಿದಾಗ ಕೆಳಗಿನ ಮನೆ ಕಟ್ಟುವುದು, ಮಕ್ಕಳು ಬೆಳೆದ ಮೇಲೆ ಇನ್ನೊಂದು ಅಂತಸ್ತು ಏರಿಸುವುದು. ಈಗ ಆ ಕ್ರಮದ ಜೊತೆಗೆ ಇನ್ನೆರಡು ದಾರಿಗಳಿವೆ: ಅಪಾರ್ಟ್‌ಮೆಂಟಿನ ಫ್ಲ್ಯಾಟ್ ಮತ್ತು ಗೋಡೆಗೆ ಗೋಡೆ ಕೂಡಿಸಿ ಸಾಲಾಗಿ ಕಟ್ಟಿದ ರೋ ಹೌಸ್. ಇವುಗಳಲ್ಲಿ ಒಂದನ್ನು ಆರಿಸುವಾಗ ಹೆಚ್ಚಿನವರು ಚದರಡಿ ದರ, ಸಾಲದ ಕಂತು, ಬಸ್ ನಿಲ್ದಾಣದಿಂದ ಎಷ್ಟು ದೂರ ಎಂಬುದನ್ನು ಹೋಲಿಸಿ ತೀರ್ಮಾನಕ್ಕೆ ಬರುತ್ತಾರೆ. ಆ ಲೆಕ್ಕ ಬೇಕು, ಆದರೆ ಅಷ್ಟೇ ಸಾಲದು. ಫ್ಲ್ಯಾಟ್ ಕೊಂಡವರ ಆಸ್ತಿಯ ದೊಡ್ಡ ಭಾಗ ಅವರ ಬಾಗಿಲಿನ ಹೊರಗಿರುತ್ತದೆ. ಕಟ್ಟಡದ ಕೆಳಗಿನ ನೆಲ, ಬೋರ್‌ವೆಲ್, ನೀರಿನ ಸಂಪು, ಚರಂಡಿ, ಲಿಫ್ಟ್, ಕಂಬಗಳು, ಮೇಲಿನ ಮಾಳಿಗೆ ಇವೆಲ್ಲ ಹಲವರ ಜಂಟಿ ಸ್ವತ್ತು. ಈ ಜಂಟಿ ಸ್ವತ್ತು ಕಾಗದದಲ್ಲಿ ಸ್ಪಷ್ಟವಾಗಿದೆಯೇ, ಅದನ್ನು ನಡೆಸಿಕೊಂಡು ಹೋಗುವ ಜನ ಇದ್ದಾರೆಯೇ ಎಂಬ ಎರಡು ಪ್ರಶ್ನೆಗಳ ಮೇಲೆ ನಮ್ಮ ತೀರ್ಮಾನ ನಿಲ್ಲಬೇಕು. ಎರಡಕ್ಕೂ ಹೌದೆಂಬ ಉತ್ತರ ಸಿಕ್ಕರೆ ಫ್ಲ್ಯಾಟ್ ಒಳ್ಳೆಯ ಮನೆ. ಒಂದಕ್ಕೆ ಇಲ್ಲವೆಂದರೂ ದರ ಎಷ್ಟೇ ಇಳಿದಿರಲಿ, ಕೈಹಾಕಬಾರದು.

ನೆಲದಲ್ಲಿ ನಿಮ್ಮ ಪಾಲೆಷ್ಟು?

ಫ್ಲ್ಯಾಟಿನ ವಿರುದ್ಧ ನಮ್ಮಲ್ಲಿ ಮೊದಲು ಕೇಳಿಬರುವ ಮಾತು, ‘ಕಟ್ಟಡ ಹಳತಾಗುತ್ತದೆ, ಬೆಲೆ ಏರುವುದು ಭೂಮಿಗೆ ಮಾತ್ರ’ ಎಂಬುದು. ಮಾತು ನಿಜ. ಆದರೆ ಫ್ಲ್ಯಾಟ್ ಕೊಂಡವರಿಗೆ ಭೂಮಿಯೇ ಇಲ್ಲ ಎಂದು ಅದರಿಂದ ತಿಳಿಯಬಾರದು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಪ್ರಕಾರ ಪ್ರತಿ ಮನೆಯ ಜೊತೆಗೆ ನೆಲದಲ್ಲಿ ಮತ್ತು ಸಾಮಾನ್ಯ ಜಾಗಗಳಲ್ಲಿ ಒಂದು ಅವಿಭಜಿತ ಪಾಲು ಬರುತ್ತದೆ. ಅದನ್ನು ಹಿಸ್ಸೆ ಮಾಡಿ ಬೇಲಿ ಹಾಕಲಾಗದು, ಆದರೆ ಮನೆಯ ಜೊತೆ ಮಾರಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಪಾಲಿನ ಅಳತೆಯಲ್ಲೇ ಮೋಸಕ್ಕೆ ಜಾಗವಿದೆ. 60 ಅಡಿ ಅಗಲ, 100 ಅಡಿ ಉದ್ದದ ಜಾಗದಲ್ಲಿ ಒಂದೇ ಅಳತೆಯ 12 ಫ್ಲ್ಯಾಟ್ ಎದ್ದಿವೆ ಎಂದಿಟ್ಟುಕೊಳ್ಳಿ. ಒಟ್ಟು 6,000 ಚದರಡಿ, ಒಬ್ಬೊಬ್ಬರಿಗೆ 500 ಚದರಡಿ ಬರಬೇಕು. ಎಲ್ಲರ ಖರೀದಿ ಪತ್ರದಲ್ಲೂ 300 ಎಂದು ಬರೆದಿದ್ದರೆ 2,400 ಚದರಡಿಯ ಪಾಲು ಬಿಲ್ಡರ್ ಅಥವಾ ಮೂಲ ಮಾಲೀಕರ ಹೆಸರಿನಲ್ಲೇ ಉಳಿಯಿತು. ನಾಳೆ ಮಾಳಿಗೆಯ ಮೇಲೆ ಇನ್ನೊಂದು ಅಂತಸ್ತು ಏರಿಸಲು, ಪಾರ್ಕಿಂಗಿನಲ್ಲಿ ಅಂಗಡಿ ತೆರೆಯಲು ಅವರು ಅದೇ ಪಾಲನ್ನು ಮುಂದಿಡುತ್ತಾರೆ. ಕಟ್ಟಡ ಮುದಿಯಾಗಿ ಕೆಡವಿ ಕಟ್ಟುವ ಕಾಲ ಬಂದಾಗಲೂ ನಿಮ್ಮ ಹಕ್ಕನ್ನು ಅಳೆಯುವುದು ಆ ಅಂಕಿಯೇ. ಹೀಗಾಗಿ ಮನೆಯೊಳಗಿನ ಟೈಲ್ಸ್ ನೋಡುವ ಮುನ್ನ ಕರಡು ಖರೀದಿ ಪತ್ರ ಕೇಳಿ ಪಡೆದು, ಎಲ್ಲ ಮನೆಗಳ ಪಾಲನ್ನು ಕೂಡಿಸಿ, ಮೊತ್ತ ಇಡೀ ಜಾಗಕ್ಕೆ ಸರಿಹೊಂದುತ್ತದೆಯೇ ಎಂದು ನೋಡಬೇಕು. ರೋ ಹೌಸಿನಲ್ಲಿ ನೆಲ ನಿಮ್ಮ ಹೆಸರಿಗೇ ಬರುವುದರಿಂದ ಈ ಗೊಂದಲ ಕಡಿಮೆ. ಆದರೂ ಒಳಗಿನ ರಸ್ತೆ, ಪಕ್ಕದ ಮನೆಯ ಜೊತೆಗಿನ ಜಂಟಿ ಗೋಡೆ, ಚರಂಡಿ ಪೈಪಿನ ಮಾರ್ಗ ಯಾರದೆಂದು ಪತ್ರದಲ್ಲಿ ಬರೆದಿರಲೇಬೇಕು.

2016ರ ರಿಯಲ್ ಎಸ್ಟೇಟ್ ಕಾಯ್ದೆ, ಎಲ್ಲರ ಬಾಯಲ್ಲಿ ರೇರಾ, ಈ ವಿಷಯದಲ್ಲಿ ಕೊಳ್ಳುವವರ ದೊಡ್ಡ ಆಸರೆ. 500 ಚದರ ಮೀಟರ್ ಎಂದರೆ ಸುಮಾರು 5,380 ಚದರಡಿ. ಜಾಗ ಅದನ್ನು ಮೀರಿ, ಮನೆಗಳ ಸಂಖ್ಯೆಯೂ ಎಂಟನ್ನು ದಾಟಿದ ಯೋಜನೆಯನ್ನು ನೋಂದಾಯಿಸದೆ ಜಾಹೀರಾತನ್ನೂ ಕೊಡುವಂತಿಲ್ಲ. ನೋಂದಣಿಯಾದ ಕಡೆ ಕಾರ್ಪೆಟ್ ಏರಿಯಾ, ಅಂದರೆ ಗೋಡೆಯೊಳಗೆ ನಿಜಕ್ಕೂ ಬಳಸಲು ಸಿಗುವ ಜಾಗ, ಎಷ್ಟೆಂದು ಹೇಳಲೇಬೇಕು. ನೋಂದಾಯಿತ ಕರಾರು ಆಗುವ ಮುನ್ನ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಕೊಂಡವರಿಂದ ಬಂದ ಹಣದ ಶೇ 70ನ್ನು ಆ ಯೋಜನೆಯದೇ ಪ್ರತ್ಯೇಕ ಖಾತೆಯಲ್ಲಿಡಬೇಕು. ಕೀಲಿ ಕೈ ಕೊಟ್ಟ 5 ವರ್ಷದೊಳಗೆ ಕಟ್ಟಡದಲ್ಲಿ ರಚನಾ ದೋಷ ಕಂಡರೆ ದುಡ್ಡು ಕೇಳದೆ 30 ದಿನದಲ್ಲಿ ಸರಿಪಡಿಸಬೇಕು. ತೊಡಕು ಇರುವುದು ಮಿತಿಯ ಕೆಳಗೆ. ಸಣ್ಣ ಊರಿನಲ್ಲಿ ಆರು ಅಥವಾ ಎಂಟು ಮನೆಗಳ ಕಟ್ಟಡ ಸಾಮಾನ್ಯ. ಅಂಥದ್ದಕ್ಕೆ ರೇರಾ ಸಂಖ್ಯೆ ಇರುವುದಿಲ್ಲ, ಪ್ರಾಧಿಕಾರದ ಕಣ್ಣೂ ಅದರ ಮೇಲೆ ಇರುವುದಿಲ್ಲ. ಅಂಥ ಕಟ್ಟಡ ಕೆಟ್ಟದ್ದೇ ಆಗಬೇಕಿಲ್ಲ, ಆದರೆ ಪರಿಶೀಲನೆಯ ಭಾರ ಪೂರ್ತಿ ಕೊಳ್ಳುವವರ ಹೆಗಲಿಗೆ ಬರುತ್ತದೆ. ವಕೀಲರಿಗೆ ಕೊಡುವ ಕೆಲವು ಸಾವಿರ ರೂಪಾಯಿ ಇಲ್ಲಿ ಉಳಿತಾಯದ ಬಾಬತ್ತು ಆಗಬಾರದು.

ಕಾಗದದ ಬೇರು ಹಳೆಯದು

ಬೀದರ್ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಇಲ್ಲಿನ ಭೂದಾಖಲೆಗಳ ಬೇರು ನಿಜಾಮರ ಕಾಲದ ಉರ್ದು ಕಾಗದಗಳಲ್ಲಿದೆ. ಇನಾಂ ಜಮೀನು, ವಕ್ಫ್ ಜಮೀನು, ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಈ ಜಿಲ್ಲೆಯ ವ್ಯವಹಾರಗಳಲ್ಲಿ ಎದುರಾಗುತ್ತಲೇ ಇರುತ್ತವೆ. ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಮಾರಾಟವೇ ರದ್ದಾಗಬಹುದು. ಮೇಲೆ ಎಷ್ಟೇ ಚಂದದ ಕಟ್ಟಡ ಎದ್ದಿದ್ದರೂ ಅಡಿಯ ಜಮೀನಿನ ದೋಷ ಎಲ್ಲ ಮನೆಗಳನ್ನೂ ಒಟ್ಟಿಗೆ ಹಿಡಿಯುತ್ತದೆ. ಆದ್ದರಿಂದ 30 ವರ್ಷದ ಋಣಭಾರ ಪತ್ರ, ಹಳೆಯ ಪಹಣಿಗಳು, ಮುಟೇಶನ್ ಪ್ರತಿಗಳು, ಕೃಷಿ ಜಮೀನು ಎನ್‌ಎ, ಅಂದರೆ ಕೃಷಿಯೇತರ, ಆದ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ಲೇಔಟ್ ನಕ್ಷೆ ಈ ಐದನ್ನೂ ಸಾಲಾಗಿ ಜೋಡಿಸಿ ಓದಿಸಬೇಕು. ಊರ ಅಂಚಿನ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತು ನಮೂನೆ 9 ಮತ್ತು 11, ಪಟ್ಟಣದಲ್ಲಾದರೆ ಇ-ಆಸ್ತಿ ಖಾತಾ ಬೇಕು. ಇ-ಖಾತಾ ಇಲ್ಲದೆ ಈಗ ನೋಂದಣಿಯೇ ಆಗದು. ಖಾತಾ ‘ಬಿ’ ವರ್ಗದ್ದಾಗಿದ್ದರೆ ತೆರಿಗೆ ಕಟ್ಟಬಹುದು, ಆದರೆ ಅದರಿಂದ ಕಟ್ಟಡ ಅಥವಾ ಲೇಔಟ್ ಅಧಿಕೃತವಾಗುವುದಿಲ್ಲ.

‘ನಮ್ಮೂರಲ್ಲಿ ಬಾಂಡ್ ಪೇಪರ್ ಮೇಲೆಯೇ ಎಷ್ಟೋ ಪ್ಲಾಟು ಕೈ ಬದಲಾಯಿಸಿವೆ, ಯಾರಿಗೂ ಏನೂ ಆಗಿಲ್ಲ’ ಎನ್ನುವವರಿದ್ದಾರೆ. 1908ರ ನೋಂದಣಿ ಕಾಯ್ದೆಯ ಪ್ರಕಾರ 100 ರೂಪಾಯಿ ಮತ್ತು ಅದಕ್ಕೂ ಮೇಲಿನ ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಣಿಯಾಗಲೇಬೇಕು. ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರ, ಮತ್ತು ಕರಾರು ಪತ್ರದಿಂದ ಒಡೆತನ ವರ್ಗವಾಗದು ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಬಾಂಡ್ ಮೇಲಿನ ವ್ಯವಹಾರದಲ್ಲಿ ಇಷ್ಟು ದಿನ ತಂಟೆ ಬಂದಿಲ್ಲವೆಂದರೆ ಮಾರಿದವರ ಮಕ್ಕಳು ಇನ್ನೂ ಕೇಳಿಲ್ಲ ಎಂದಷ್ಟೇ ತಿಳಿಯಬೇಕು. ಕಟ್ಟಡದ ಸ್ವಾಧೀನಾನುಭವ ಪ್ರಮಾಣಪತ್ರದ ಕಥೆಯೂ ಇದೇ. ಒಸಿ ಎಂದು ಕರೆಯುವ ಈ ಪತ್ರವಿಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಕೊಡಬಾರದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲೆ ಕರ್ನಾಟಕದ ವಿದ್ಯುತ್ ಕಂಪನಿಗಳೂ ಹೊಸ ಸಂಪರ್ಕಕ್ಕೆ ಅದನ್ನು ಕೇಳತೊಡಗಿದವು. ‘ಆಮೇಲೆ ಜೆಸ್ಕಾಂ ಮೀಟರ್ ಮಾಡಿಸಿಕೊಡುತ್ತೇನೆ’ ಎಂಬ ಬಾಯಿಮಾತಿನ ಭರವಸೆಗೆ ಇನ್ನು ಬೆಲೆ ಕಡಿಮೆ.

ಬೀದರ್ ನಗರಕ್ಕೆ ಇನ್ನೆರಡು ವಿಶೇಷ ಎಚ್ಚರಿಕೆಗಳಿವೆ. ಕೋಟೆ, ಮಹಮೂದ್ ಗಾವಾನನ ಮದರಸಾ, ಬರೀದ್ ಶಾಹಿ ಗೋರಿಗಳು, ಅಷ್ಟೂರಿನ ಗೋರಿಗಳು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿವೆ. ಇಂಥ ಸ್ಮಾರಕದ ಎಲ್ಲೆಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅಲ್ಲಿಂದಾಚೆ 200 ಮೀಟರ್‌ವರೆಗೆ ಅನುಮತಿ ಪಡೆದೇ ಕಟ್ಟಬೇಕು. ಇನ್ನೊಂದು ಕಡೆ ವಾಯುಪಡೆಯ ನೆಲೆಯಿದೆ. ವಿಮಾನ ನೆಲೆಯ ಸುತ್ತ ಕಟ್ಟಡದ ಎತ್ತರಕ್ಕೆ ಮಿತಿ ಇರುವುದರಿಂದ ಆ ಭಾಗದಲ್ಲಿ ಬಹುಮಹಡಿ ಕಟ್ಟಡದ ಫ್ಲ್ಯಾಟ್ ನೋಡುವವರು ನಿರಾಕ್ಷೇಪಣಾ ಪತ್ರವನ್ನು ಕಣ್ಣಾರೆ ಕಾಣಬೇಕು.

ನೀರು, ಚರಂಡಿ, ಕಾಲಡಿಯ ಮಣ್ಣು

ಬೀದರ್ ನಗರ ಕೂತಿರುವುದು ಕೆಂಪುಕಲ್ಲಿನ ಪ್ರಸ್ಥಭೂಮಿಯ ಮೇಲೆ. ಈ ಜಂಬಿಟ್ಟಿಗೆ ಪದರ ತೂತು ತೂತಾಗಿದ್ದು ಮಳೆನೀರನ್ನು ಕೆಳಗೆ ಬಿಟ್ಟುಕೊಡುತ್ತದೆ. ಬಹಮನಿ ಕಾಲದ ಜನ ಈ ಗುಣವನ್ನು ಬಲ್ಲವರಾಗಿದ್ದರಿಂದಲೇ ನೌಬಾದ್‌ನಲ್ಲಿ ಸುರಂಗ ಬಾವಿಯನ್ನು, ಅಂದರೆ ಕರೇಜನ್ನು ತೋಡಿ ನೀರು ತಂದರು. ಅದೇ ಗುಣ ಇಂದು ಅಪಾಯವೂ ಹೌದು. ಒಳಚರಂಡಿ ಸಂಪರ್ಕವಿಲ್ಲದ ಕಡೆ 12 ಮನೆಗಳ ಶೌಚದ ನೀರು ಒಂದೇ ಇಂಗುಗುಂಡಿಗೆ ಹೋದರೆ ಅದು ಅದೇ ಕಲ್ಲಿನ ತೂತುಗಳಲ್ಲಿ ಇಳಿದು ಅಕ್ಕಪಕ್ಕದ ಬಾವಿ, ಬೋರ್‌ವೆಲ್ ಸೇರಬಹುದು. ಸ್ವಂತ ಮನೆಯ ಒಂದು ಗುಂಡಿಗೂ ಅಪಾರ್ಟ್‌ಮೆಂಟಿನ ಗುಂಡಿಗೂ ವ್ಯತ್ಯಾಸ ಇರುವುದು ಇಲ್ಲಿಯೇ. ಕೊಳ್ಳುವ ಮುನ್ನ ಬೋರ್‌ವೆಲ್ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ನೈಟ್ರೇಟ್ ಮತ್ತು ಕೋಲಿಫಾರ್ಮ್ ಪರೀಕ್ಷೆ ಮಾಡಿಸಬೇಕು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದಿಂದ ನಗರಕ್ಕೆ ಬರುವ ನಳದ ನೀರು ಕಟ್ಟಡಕ್ಕೆ ಅಧಿಕೃತವಾಗಿ ತಲುಪಿದೆಯೇ, ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಸಂಪು ಎಷ್ಟು ಲೀಟರಿನದು ಎಂಬುದನ್ನು ಬಿಲ್ಡರ್ ಬದಲು ಅಲ್ಲಿ ಈಗಾಗಲೇ ವಾಸವಿರುವವರನ್ನು, ಅದೂ ಮೇ ತಿಂಗಳಲ್ಲಿ ಕೇಳಿದರೆ ನಿಜ ತಿಳಿಯುತ್ತದೆ.

ಭಾಲ್ಕಿ, ಔರಾದ್ ಕಡೆ ಹೋದರೆ ಕಾಲಡಿಯ ಪ್ರಶ್ನೆಯೇ ಬದಲಾಗುತ್ತದೆ. ಅಲ್ಲಿ ಬಹುಮಟ್ಟಿಗೆ ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವ ಮಣ್ಣು. ತೊಗರಿ, ಜೋಳಕ್ಕೆ ಒಗ್ಗುವ ಈ ನೆಲ ಮನೆಯ ಪಾಯಕ್ಕೆ ಒಗ್ಗುವುದಿಲ್ಲ. ಪಾಯ ಸಾಕಷ್ಟು ಆಳಕ್ಕೆ ಹೋಗಿರದಿದ್ದರೆ ಅದರ ಗುರುತು ಎರಡು ಮೂರು ಮಳೆಗಾಲದೊಳಗೆ ಕಾಣುತ್ತದೆ: ಶ್ರಾವಣದಲ್ಲಿ ಬಾಗಿಲು ಚೌಕಟ್ಟಿಗೆ ಹಿಡಿಯುತ್ತದೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳು ಹೊರಡುತ್ತದೆ, ನೆಲದ ಫರಸಿ ನಡುವೆ ಉಬ್ಬುತ್ತದೆ. ಇದಕ್ಕೆ ಪರಿಹಾರ ಗೊತ್ತಿಲ್ಲದ್ದೇನಲ್ಲ. ಎರೆ ಮಣ್ಣನ್ನು ತೆಗೆದು ಮುರುಮ್ ತುಂಬಿ ಕುಟ್ಟುವುದು, ಗಟ್ಟಿ ಪದರದವರೆಗೆ ಪಾಯ ಇಳಿಸುವುದು, ಅಥವಾ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಅಂಡರ್-ರೀಮ್ಡ್ ಪೈಲ್‌ಗಳನ್ನು ಸಾಮಾನ್ಯವಾಗಿ ಮೂರೂವರೆ ಮೀಟರ್ ಆಳಕ್ಕೆ ಹಾಕುವುದು. ಸ್ವಂತ ಮನೆ ಕಟ್ಟುವವರು ಪಾಯ ತೋಡುವಾಗ ಎದುರು ನಿಂತು ನೋಡಬಹುದು. ರೋ ಹೌಸ್ ಕೊಳ್ಳುವವರಿಗೆ ಪಾಯ ಕಾಣದು, ಮೇಲಾಗಿ ಜಂಟಿ ಗೋಡೆಯಿಂದಾಗಿ ಪಕ್ಕದ ಮನೆ ಕುಸಿದರೂ ಸೀಳು ನಿಮ್ಮ ಗೋಡೆಗೆ ಬರುತ್ತದೆ. ಆದ್ದರಿಂದ ಈ ಎರಡು ಊರುಗಳಲ್ಲಿ ರೋ ಹೌಸ್ ನೋಡುವವರು ಮಣ್ಣು ಪರೀಕ್ಷೆಯ ವರದಿ ಮತ್ತು ಪಾಯದ ನಕ್ಷೆಯನ್ನು ಕೇಳಲೇಬೇಕು, ಕನಿಷ್ಠ ಒಂದು ಮಳೆಗಾಲ ಕಂಡ ಮನೆಯನ್ನೇ ಆರಿಸಬೇಕು.

ನಮ್ಮ ಗಡಿಯಾಚೆಯ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ನಡುಗಿ ಸುಮಾರು 10,000 ಜನ ಸತ್ತರು. ಅಲ್ಲಿ ಕೊಂದದ್ದು ಮಣ್ಣಿನಲ್ಲಿ ಜೋಡಿಸಿದ ಭಾರಿ ಕಲ್ಲುಗೋಡೆಗಳು. ಆರ್‌ಸಿಸಿ ಕಟ್ಟಡವಾದರೆ ಭಯವಿಲ್ಲ ಎಂದು ಅದರಿಂದ ತಿಳಿಯುವುದು ತಪ್ಪು. 2001ರ ಗುಜರಾತ್ ಭೂಕಂಪದಲ್ಲಿ ಅಹಮದಾಬಾದಿನ ಹಲವು ಅಪಾರ್ಟ್‌ಮೆಂಟ್‌ಗಳು ಬಿದ್ದವು. ಅವುಗಳಲ್ಲಿ ಹೆಚ್ಚಿನವು ಕೆಳಗೆ ಪಾರ್ಕಿಂಗಿಗೆಂದು ಬರೀ ಕಂಬ ಬಿಟ್ಟು, ಮೇಲಷ್ಟೇ ಗೋಡೆ ಕಟ್ಟಿದಂಥವು. ಬೀದರಿನಲ್ಲೂ ಈ ಬಗೆಯ ಕಟ್ಟಡಗಳೇ ಏಳುತ್ತಿರುವುದರಿಂದ, ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ನಕ್ಷೆಯಲ್ಲಿ ಕೆಳ ಅಂತಸ್ತಿನ ಕಂಬಗಳನ್ನು ಬಲಪಡಿಸಿದ್ದಾರೆಯೇ ಎಂದು ಪರಿಚಯದ ಎಂಜಿನಿಯರಿಂದ ನೋಡಿಸುವುದು ಅತಿ ಜಾಗ್ರತೆ ಅನ್ನಿಸಿಕೊಳ್ಳದು.

ನಡೆಸುವವರು ಯಾರು?

ಕಾಗದ, ಮಣ್ಣು ಎರಡೂ ಸರಿಯಿದ್ದರೂ ಜಂಟಿ ಸ್ವತ್ತನ್ನು ತಿಂಗಳು ತಿಂಗಳು ನಡೆಸಬೇಕು. ಸಣ್ಣ ಊರಿನ ಅಪಾರ್ಟ್‌ಮೆಂಟಿಗೆ ಇಲ್ಲೇ ನಿಜವಾದ ಕಷ್ಟವಿದೆ. ಕಾವಲುಗಾರ, ಲಿಫ್ಟ್ ದುರಸ್ತಿ ಒಪ್ಪಂದ, ಪಂಪಿನ ವಿದ್ಯುತ್, ಸ್ವಚ್ಛತೆ ಇವುಗಳ ಖರ್ಚು ಮನೆ ಕಡಿಮೆಯಾದರೆ ಅದೇ ಪ್ರಮಾಣದಲ್ಲಿ ಕಡಿಮೆಯಾಗುವುದಿಲ್ಲ. ತಿಂಗಳಿಗೆ ಒಟ್ಟು 30,000 ರೂಪಾಯಿ ತಗಲುತ್ತದೆ ಎಂದುಕೊಂಡರೆ 60 ಮನೆಗಳಿದ್ದಾಗ ತಲಾ 500 ರೂಪಾಯಿ, 10 ಮನೆಗಳಿದ್ದಾಗ ತಲಾ 3,000. ಆ ಹತ್ತರಲ್ಲಿ ಮೂರು ಮನೆಯವರು ಹೈದರಾಬಾದಿಗೋ ಪುಣೆಗೋ ಕೊಲ್ಲಿ ದೇಶಕ್ಕೋ ಹೋಗಿ ಬೀಗ ಹಾಕಿ, ದುಡ್ಡು ಕೊಡದೆ ಉಳಿದರೆ ಏಳು ಮನೆಯ ಮೇಲೆ ತಲಾ ಸುಮಾರು 4,300 ಬೀಳುತ್ತದೆ. ಆಗ ಮೊದಲು ನಿಲ್ಲುವುದು ಲಿಫ್ಟ್, ಆಮೇಲೆ ಬಣ್ಣ, ಕೊನೆಗೆ ಮಾಳಿಗೆಯ ಸೋರಿಕೆ ತಡೆಯುವ ಕೆಲಸ. ಮುಂದೂಡಿದ ದುರಸ್ತಿ ಎಲ್ಲಿಗೆ ಒಯ್ಯಬಹುದೆಂಬುದಕ್ಕೆ ಅಮೆರಿಕದ ಫ್ಲೋರಿಡಾದ ಸರ್ಫ್‌ಸೈಡ್ ಊರು ಸಾಕ್ಷಿ. 1981ರಲ್ಲಿ ಕಟ್ಟಿದ 12 ಅಂತಸ್ತಿನ ಕಟ್ಟಡದಲ್ಲಿ ಗಂಭೀರ ಹಾನಿಯಿದೆ ಎಂದು ಎಂಜಿನಿಯರೊಬ್ಬರು 2018ರಲ್ಲೇ ವರದಿ ಕೊಟ್ಟಿದ್ದರು. ಖರ್ಚಿನ ಬಗ್ಗೆ ನಿವಾಸಿಗಳ ಚರ್ಚೆ ಎಳೆಯುತ್ತಿದ್ದಾಗಲೇ, 2021ರ ಜೂನ್ 24ರಂದು ಕಟ್ಟಡದ ಒಂದು ಭಾಗ ಕುಸಿದು 98 ಜನ ಜೀವ ಕಳೆದುಕೊಂಡರು. ದುಡ್ಡಿರುವ ದೇಶದಲ್ಲೂ ಜಂಟಿ ನಿರ್ಧಾರ ತಡವಾಯಿತು ಎಂಬುದನ್ನು ನಾವು ಮನಗಾಣಬೇಕು.

‘ಅಸೋಸಿಯೇಷನ್, ಬೈಲಾ ಎಲ್ಲ ಬೆಂಗಳೂರಿಗೆ, ಇಲ್ಲಿ ಎಲ್ಲರೂ ಪರಿಚಯದವರು, ಕೂತು ಮಾತಾಡಿ ಬಗೆಹರಿಸಿಕೊಳ್ಳುತ್ತೇವೆ’ ಎಂಬ ಆಕ್ಷೇಪಕ್ಕೆ ತೂಕವಿದೆ. ನೆರೆಹೊರೆಯ ಸಲಿಗೆ ನಮ್ಮ ಊರುಗಳ ಬಲವೇ ಸರಿ. ಆದರೆ ಬೀಗರ ಕಡೆಯವರ, ಕಚೇರಿಯ ಹಿರಿಯರ ಬಾಗಿಲು ತಟ್ಟಿ ಬಾಕಿ ಕೇಳುವುದು ಅಪರಿಚಿತರನ್ನು ಕೇಳುವುದಕ್ಕಿಂತ ಕಷ್ಟ. ಬರೆದಿಟ್ಟ ನಿಯಮವಿದ್ದರೆ ಕೇಳುವುದು ನಿಯಮ, ಮನಸ್ತಾಪ ಬರುವುದಿಲ್ಲ. ಆದ್ದರಿಂದ ಕಟ್ಟಡವನ್ನು 1972ರ ಕಾಯ್ದೆಗೆ ಒಳಪಡಿಸುವ ಘೋಷಣಾ ಪತ್ರ ನೋಂದಣಿಯಾಗಿದೆಯೇ, ಮಾಲೀಕರ ಸಂಘ ಅದೇ ಕಾಯ್ದೆಯಡಿ ರೂಪುಗೊಂಡಿದೆಯೇ ಎಂದು ಕೇಳಿ. ಬರೀ ವಾಸದ ಮನೆಗಳ ಅಪಾರ್ಟ್‌ಮೆಂಟಿಗೆ ಸೊಸೈಟಿ ಕಾಯ್ದೆಯ ನೋಂದಣಿ ಸರಿಯಲ್ಲ ಎಂದು ಕರ್ನಾಟಕ ಹೈಕೋರ್ಟ್ ಹೇಳಿದೆ. ಹಳೆಯ ಕಟ್ಟಡದ ಮನೆ ಕೊಳ್ಳುವುದಾದರೆ ಸಂಘದ ಲೆಕ್ಕದ ಪುಸ್ತಕವನ್ನು ತೆರೆಸಿ ನೋಡಿ: ಯಾರ ಬಾಕಿ ಎಷ್ಟಿದೆ, ದೊಡ್ಡ ದುರಸ್ತಿಗೆಂದು ಕೂಡಿಟ್ಟ ನಿಧಿ ಇದೆಯೇ, ಕೊನೆಯ ಸಭೆ ಯಾವಾಗ ನಡೆಯಿತು. ಆ ಒಂದು ಪುಸ್ತಕ ಹೇಳುವಷ್ಟನ್ನು ಮಾದರಿ ಫ್ಲ್ಯಾಟ್ ಹೇಳದು.

ದುಡ್ಡಿನ ಲೆಕ್ಕ

ಕಟ್ಟುತ್ತಿರುವ ಫ್ಲ್ಯಾಟಿಗೆ ಜಿಎಸ್‌ಟಿ ಶೇ 5. ನಮ್ಮಂಥ ಊರಿನಲ್ಲಿ ಕಾರ್ಪೆಟ್ ಏರಿಯಾ 90 ಚದರ ಮೀಟರ್ ಒಳಗಿದ್ದು ಬೆಲೆ 45 ಲಕ್ಷ ಮೀರದಿದ್ದರೆ ಶೇ 1 ಮಾತ್ರ. ಪೂರ್ಣಗೊಂಡ ಪ್ರಮಾಣಪತ್ರ ಬಂದ ಮನೆಗೂ ಹಳೆಯ ಮನೆಗೂ ಜಿಎಸ್‌ಟಿ ಇಲ್ಲ. ಮುದ್ರಾಂಕ ಶುಲ್ಕ ಸಾಮಾನ್ಯವಾಗಿ ಶೇ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್. ಮೊದಲ ಬಾರಿ ಮಾರಾಟವಾಗುವ 45 ಲಕ್ಷದವರೆಗಿನ ಫ್ಲ್ಯಾಟುಗಳಿಗೆ ರಿಯಾಯಿತಿ ದರವಿದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಶೇ 8.5ರ ಬಡ್ಡಿಯಲ್ಲಿ 30 ಲಕ್ಷ ಸಾಲ ಮಾಡಿದರೆ 20 ವರ್ಷ ತಿಂಗಳಿಗೆ ಸುಮಾರು 26,000 ರೂಪಾಯಿ ಕಂತು, ಒಟ್ಟು 62 ಲಕ್ಷಕ್ಕೂ ಹೆಚ್ಚು ಕಟ್ಟಬೇಕು. ಅದೇ ಕಟ್ಟಡದ ಅಂಥದೇ ಮನೆಗೆ ಬಾಡಿಗೆ ಎಷ್ಟೆಂದು ವಿಚಾರಿಸಿ, ಕಂತಿಗೆ ಹೋಲಿಸಿ. ಬಾಡಿಗೆ ಕಂತಿನ ಅರ್ಧಕ್ಕಿಂತ ಕೆಳಗಿದ್ದು, ಐದಾರು ವರ್ಷದಲ್ಲಿ ವರ್ಗಾವಣೆಯ ಸಾಧ್ಯತೆಯೂ ಇದ್ದರೆ ಬಾಡಿಗೆಯೇ ಲೇಸು. ‘ಬಾಡಿಗೆ ಕೊಟ್ಟ ದುಡ್ಡು ನೀರಲ್ಲಿ ಹೋಮ’ ಎನ್ನುವವರು ಬಡ್ಡಿ, ನಿರ್ವಹಣೆ, ನೋಂದಣಿಗೆ ಹೋದ ದುಡ್ಡನ್ನೂ ಅದೇ ತಕ್ಕಡಿಯಲ್ಲಿಟ್ಟು ನೋಡಬೇಕು.

ಮೂರು ಊರು, ಮೂರು ತೀರ್ಮಾನ

ಬೀದರ್ ನಗರದಲ್ಲಿ ಫ್ಲ್ಯಾಟಿಗೆ ಸಕಾರಣವಿದೆ. 2011ರ ಜನಗಣತಿಯಲ್ಲೇ ಎರಡು ಲಕ್ಷ ದಾಟಿದ್ದ ಊರು, ಬ್ರಿಮ್ಸ್ ಆಸ್ಪತ್ರೆ, ಪಶುವೈದ್ಯಕೀಯ ವಿಶ್ವವಿದ್ಯಾಲಯ, ಎಂಜಿನಿಯರಿಂಗ್ ಕಾಲೇಜು, ನೀಟ್ ತರಬೇತಿಗೆ ಬರುವ ಮಕ್ಕಳು ಇವೆಲ್ಲ ಇರುವುದರಿಂದ ಮನೆ ಖಾಲಿ ಬಿದ್ದರೂ ಬಾಡಿಗೆದಾರ ಸಿಗುತ್ತಾನೆ, ಮಾರಬೇಕೆಂದರೆ ಕೊಳ್ಳುವವರೂ ಇರುತ್ತಾರೆ. ಮಕ್ಕಳು ಪರ ಊರಲ್ಲಿದ್ದು ಇಬ್ಬರೇ ಉಳಿದ ಹಿರಿಯರಿಗೆ, ಗಂಡ ಹೆಂಡತಿ ಇಬ್ಬರೂ ನೌಕರಿ ಮಾಡುವ ಮನೆಗೆ, ಬೀಗ ಹಾಕಿ ಧೈರ್ಯವಾಗಿ ಊರಿಗೆ ಹೋಗಬೇಕೆನ್ನುವವರಿಗೆ, ಮೇಲಿನ ಕಾಗದ ಮತ್ತು ಸಂಘದ ಪರೀಕ್ಷೆಯಲ್ಲಿ ತೇರ್ಗಡೆಯಾದ ಫ್ಲ್ಯಾಟ್ ಪ್ಲಾಟಿಗಿಂತ ಒಳ್ಳೆಯದು. ಖಾಲಿ ಪ್ಲಾಟಿಗೂ ಒತ್ತುವರಿ, ಎರಡು ಸಲ ಮಾರಾಟದಂಥ ಅಪಾಯಗಳು ಇದ್ದೇ ಇವೆ ಎಂಬುದನ್ನು ಪ್ಲಾಟಿನ ಪರ ವಾದಿಸುವವರು ಮರೆಯಬಾರದು. ಆದರೆ ಹಿರಿಯರು ಲಿಫ್ಟ್ ನಂಬಿ ಮೂರನೇ ಅಂತಸ್ತು ಕೊಳ್ಳುವುದು ಬೇಡ. ಸಣ್ಣ ಕಟ್ಟಡದಲ್ಲಿ ಮೊದಲ ಅಂತಸ್ತು ಕ್ಷೇಮ. ಮೇಲಿನ ಅಂತಸ್ತು ಏಪ್ರಿಲ್, ಮೇ ಬಿಸಿಲಿಗೆ ಕಾಯುತ್ತದೆ, ಮಳೆಯಲ್ಲಿ ಸೋರಿಕೆಯನ್ನೂ ಮೊದಲು ಎದುರಿಸುತ್ತದೆ.

ಭಾಲ್ಕಿಯಲ್ಲಿ 2011ರಲ್ಲಿ ಸುಮಾರು 40,000 ಜನರಿದ್ದರು. ಅಲ್ಲಿ ಶಿಕ್ಷಕರು, ನೌಕರರು, ವ್ಯಾಪಾರಸ್ಥರಿಗೆ ಒಳ್ಳೆಯ ಪಾಯದ ರೋ ಹೌಸ್ ನಡುದಾರಿಯಾಗಬಲ್ಲದು: ನೆಲ ಸ್ವಂತದ್ದು, ಜಂಟಿ ಸ್ವತ್ತು ಕಡಿಮೆ, ಮೇಲೆ ಮಾಳಿಗೆಯೂ ಉಂಟು. ಹೊಲದ ನಂಟು ಬಿಡದ ಮನೆಗಳಿಗೆ ಫ್ಲ್ಯಾಟ್ ಹೊಂದದು. ಸುಗ್ಗಿಯಲ್ಲಿ ಸೋಯಾ, ತೊಗರಿ ಚೀಲ ಇಳಿಸಲು, ಮೆಣಸಿನಕಾಯಿ ಹರವಲು, ಟ್ರ್ಯಾಕ್ಟರ್ ನಿಲ್ಲಿಸಲು, ಮದುವೆಯ ಹಂದರ ಹಾಕಲು ಅಂಗಳ ಬೇಕೇ ಬೇಕು. ಪಟ್ಟಣ ಪಂಚಾಯಿತಿಯ ಊರಾದ ಔರಾದ್‌ನಲ್ಲಿ ಅದೇ ಜನಗಣತಿಯಲ್ಲಿದ್ದದ್ದು 20,000ದ ಆಸುಪಾಸು ಜನ. ಅಷ್ಟು ಸಣ್ಣ ಊರಿನಲ್ಲಿ ಫ್ಲ್ಯಾಟ್ ಕೊಳ್ಳುವವರೂ, ಮುಂದೆ ಮಾರಲು ಹೋದಾಗ ಗಿರಾಕಿಗಳೂ, ಲಿಫ್ಟ್ ರಿಪೇರಿಗೆ ಬರುವವರೂ ವಿರಳ. ಅಲ್ಲಿ ಎನ್‌ಎ ಆದ, ರಸ್ತೆ ಚರಂಡಿ ಕಂಡ ಪ್ಲಾಟಿನಲ್ಲಿ ಗಟ್ಟಿ ಪಾಯದ ಸ್ವಂತ ಮನೆ, ಇಲ್ಲವೇ ಸದ್ಯಕ್ಕೆ ಬಾಡಿಗೆ. ‘ಊರು ಬೆಳೆಯುತ್ತದೆ, ಈಗಲೇ ಹಿಡಿದರೆ ಅಗ್ಗ’ ಎಂಬ ಮಾತು ನೆಲಕ್ಕೆ ಒಪ್ಪುತ್ತದೆ. ನೆಲ ಕಾಯಬಲ್ಲದು, ಜನರಿಲ್ಲದೆ ನಿಂತ ಕಟ್ಟಡ ಮಾತ್ರ ಕಾಯುತ್ತ ಕಾಯುತ್ತ ಹಾಳಾಗುತ್ತದೆ.

ಮುಂಗಡ ಕೊಡುವ ಮುನ್ನ ಕೇಳಬೇಕಾದ್ದು ಇಷ್ಟು: ನೆಲದ ಪಾಲು ನಮೂದಾದ ಕರಡು ಖರೀದಿ ಪತ್ರ, 30 ವರ್ಷದ ಋಣಭಾರ ಪತ್ರ ಮತ್ತು ಮೂಲ ದಾಖಲೆ, ಎನ್‌ಎ ಆದೇಶ ಮತ್ತು ಒಪ್ಪಿದ ನಕ್ಷೆ, ಇ-ಖಾತಾ, ರೇರಾ ಸಂಖ್ಯೆ ಅಥವಾ ಅದು ಬೇಡವಾದದ್ದಕ್ಕೆ ಕಾರಣ, ಪಾಯ ಮತ್ತು ಕಂಬಗಳ ನಕ್ಷೆ, ನೀರಿನ ಪರೀಕ್ಷೆ, ಒಸಿ, ಸಂಘದ ಬೈಲಾ ಮತ್ತು ಲೆಕ್ಕ. ಪ್ರಾಮಾಣಿಕ ಬಿಲ್ಡರಿಗೆ ಇವನ್ನೆಲ್ಲ ಒಂದು ಫೈಲಿನಲ್ಲಿ ಹಾಕಿ ಕೊಡುವುದು ಒಂದು ದಿನದ ಕೆಲಸ, ಮತ್ತು ಕೇಳುವ ಗಿರಾಕಿಗಳು ಹೆಚ್ಚಿದಷ್ಟೂ ಅಂಥ ಬಿಲ್ಡರಿಗೇ ಲಾಭ. ದಸರಾ ಆಫರ್ ಮುಗಿಯುತ್ತದೆ ಎಂದು ಅವಸರಪಡಿಸಿ, ಫೈಲ್ ಕೇಳಿದರೆ ಮಾತು ತೇಲಿಸುವವರಿಂದ ಮನೆ ಕೊಳ್ಳಬೇಡಿ. ಒಂದು ಜನ್ಮದ ದುಡಿಮೆ ಹಾಕುವ ಕಡೆ ಇಷ್ಟು ಕೇಳುವುದು ನಮ್ಮ ಹಕ್ಕು. ಒಬ್ಬೊಬ್ಬರು ಹೀಗೆ ಕೇಳಿದಾಗಲೇ ಬೀದರಿನಲ್ಲಿ ನಾಳೆ ಏಳುವ ಕಟ್ಟಡಗಳು ಇಂದಿನವಕ್ಕಿಂತ ನಂಬಿಕೆಗೆ ಅರ್ಹವಾಗುತ್ತವೆ.